ಎರಡನೆಯ ಆಯ್ಕೆ

ಐಸೆನ್‌ಹೋವರ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಮಹಾಯುದ್ಧದ ಸೇನಾನಿ, ಅಮೆರಿಕದ ಅಧ್ಯಕ್ಷ. ನನಗೆ ನೆನಪಾಗುವುದು ಪತ್ರಕ್ಕಾಗಿ ಕಾಯುತ್ತಿದ್ದ 1910ರ ಹುಡುಗ. ಕಾನ್ಸಾಸ್‌ನ ಅಬಿಲೀನ್ ಊರಿನ ಡೈರಿಯಲ್ಲಿ ದುಡಿದು ಅಣ್ಣ ಎಡ್ಗರ್‌ನ ಕಾಲೇಜು ಓದಿಗೆ ನೆರವಾಗುತ್ತಿದ್ದ ಆತನಿಗೆ ತನ್ನ ಓದಿಗೆ ಕಾಸಿರಲಿಲ್ಲ. ಗೆಳೆಯ ಹ್ಯಾಜ್ಲೆಟ್ ದಾರಿ ತೋರಿಸಿದ: ಅನಾಪೊಲಿಸ್‌ನ ನೌಕಾ ಅಕಾಡೆಮಿಯಲ್ಲಿ ಶುಲ್ಕವಿಲ್ಲ, ಪರೀಕ್ಷೆ ಬರೆ.

ಸೇರಲು ಜನಪ್ರತಿನಿಧಿಯ ಶಿಫಾರಸು ಬೇಕಿತ್ತು. ಅದಕ್ಕಾಗಿ ಸೆನೆಟರ್ ಬ್ರಿಸ್ಟೊ ಸ್ಪರ್ಧಾ ಪರೀಕ್ಷೆ ನಡೆಸುತ್ತಿದ್ದರು. ಮನಸ್ಸೆಲ್ಲ ನೌಕಾಪಡೆಯ ಮೇಲಿದ್ದರೂ, ವೆಸ್ಟ್ ಪಾಯಿಂಟ್‌ನ ಭೂಸೇನಾ ಅಕಾಡೆಮಿಯಾದರೂ ಆಗಬಹುದೆಂದು ಆತ ಬರೆದುಕೊಟ್ಟ. ಸಿಕ್ಕಿದ್ದು ಅದೇ. ಇಪ್ಪತ್ತು ತುಂಬಿದ್ದರಿಂದ ಅನಾಪೊಲಿಸ್‌ನ ವಯೋಮಿತಿ ದಾಟಿಹೋಗಿತ್ತು. ಗೆಳೆಯ ಅತ್ತ ಹೋದ; ಆತ 1911ರ ಜೂನ್‌ನಲ್ಲಿ ವೆಸ್ಟ್ ಪಾಯಿಂಟ್ ಸೇರಿದ.

1915ರಲ್ಲಿ ಆತನೊಂದಿಗೆ ತೇರ್ಗಡೆಯಾದ 164 ಮಂದಿಯಲ್ಲಿ 59 ಜನ ಮುಂದೆ ಜನರಲ್‌ಗಳಾದರು. ಇದನ್ನು ಓದಿದವರು ವಿಧಿಲಿಖಿತ ಎನ್ನುತ್ತಾರೆ. ನಾನು ಒಪ್ಪಲಾರೆ. ಕೊನೆ ಗೊತ್ತಿರುವ ನಮಗೆ ಎಲ್ಲವೂ ವಿಧಿಯಂತೆ ಕಾಣುತ್ತದೆ. ಕಾಯುವವನ ಮುಂದೆ ಇರುವುದು ಕತ್ತಲೆ ಮಾತ್ರ. ಆ ಹುಡುಗ ಇತಿಹಾಸವನ್ನು ಆರಿಸಲಿಲ್ಲ, ಕಾಸಿಲ್ಲದೆ ಓದುವ ದಾರಿಯನ್ನು ಆರಿಸಿದ. ಮೊದಲ ಆಸೆಗೆ ಕಾಯುತ್ತಲೇ ಇನ್ನೊಂದು ಬಾಗಿಲನ್ನು ಮುಚ್ಚದೆ ಉಳಿಸಿಕೊಂಡದ್ದು ಅವನದೇ ವಿವೇಕ.

1944ರ ಜೂನ್ 6ರಂದು ನಾರ್ಮಂಡಿಯಲ್ಲಿ ಅವರ ಸೈನ್ಯವನ್ನು ದಡ ಮುಟ್ಟಿಸಲು ಹೊರಟದ್ದು ಸುಮಾರು 7,000 ಹಡಗು, ದೋಣಿಗಳು. ಸಮುದ್ರ ಸಿಗಲಿಲ್ಲವೆಂದು ಕೊರಗಿದ್ದವನಿಗೆ ಅಂದು ಸಮುದ್ರವೇ ದಾರಿಯಾಯಿತು.