ಕರುಳಿನ ಚೀಲಗಳ ಉರಿಯೂತ: ವಯಸ್ಸಿನ ಪಾಲೆಷ್ಟು, ಬೊಜ್ಜಿನ ಪಾಲೆಷ್ಟು?

ದೊಡ್ಡಕರುಳಿನ ಗೋಡೆಯಲ್ಲಿ ಚಿಕ್ಕ ಚಿಕ್ಕ ಚೀಲಗಳು ಹೊರಕ್ಕೆ ಉಬ್ಬುವುದನ್ನು ಡೈವರ್ಟಿಕ್ಯುಲೋಸಿಸ್ ಎನ್ನುತ್ತಾರೆ. ಆ ಚೀಲಗಳಲ್ಲಿ ಉರಿಯೂತ ಕಾಣಿಸಿಕೊಂಡರೆ ಅದು ಡೈವರ್ಟಿಕ್ಯುಲೈಟಿಸ್. ಇವೆರಡನ್ನೂ ಒಂದೇ ಎಂದು ಎಣಿಸಿದರೆ, ಕಾಯಿಲೆ ಏಕೆ ಹೆಚ್ಚುತ್ತಿದೆ ಎಂಬುದಕ್ಕೆ ಸರಿಯಾದ ಉತ್ತರ ಸಿಗದು. ಚೀಲ ಮೂಡುವುದರಲ್ಲಿ ವಯಸ್ಸಿನ ಪಾಲು ದೊಡ್ಡದು. ಮೂಡಿದ ಚೀಲ ಕೆರಳುವುದರಲ್ಲಿ ಬೊಜ್ಜಿನ ಪಾಲನ್ನು ಕಡೆಗಣಿಸುವಂತಿಲ್ಲ ಎಂಬುದು ಈ ಟಿಪ್ಪಣಿಯ ವಾದ.

ರಕ್ತನಾಳಗಳು ಕರುಳಿನ ಸ್ನಾಯುಪದರವನ್ನು ತೂರಿ ಒಳಹೋಗುವ ಜಾಗಗಳಲ್ಲಿ ಗೋಡೆ ದುರ್ಬಲವಾಗಿರುತ್ತದೆ. ಸವೆದ ಟೈರಿನ ಸೀಳಿನಿಂದ ಟ್ಯೂಬು ಉಬ್ಬಿ ಬರುವಂತೆ, ಒಳಗಿನ ಒತ್ತಡ ಹೆಚ್ಚಿದಾಗ ಕರುಳಿನ ಒಳಪದರ ಅಲ್ಲಿಂದ ಹೊರಚಾಚುತ್ತದೆ. ವಯಸ್ಸಾದಂತೆ ಗೋಡೆಯ ಕೊಲಾಜನ್ ಎಳೆಗಳು ಬಿಗಿಯಾಗಿ, ಹಿಗ್ಗುವ ಗುಣ ಕುಗ್ಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ 60 ದಾಟಿದವರ ಪೈಕಿ ಸುಮಾರು ಅರ್ಧದಷ್ಟು ಜನರಲ್ಲಿ ಈ ಚೀಲಗಳಿವೆ. ಆದರೆ ಅವರಲ್ಲಿ ಬಹುಪಾಲು ಮಂದಿಗೆ ಉರಿಯೂತ ಬರುವುದೇ ಇಲ್ಲ.

ವಯಸ್ಸೊಂದೇ ಕಾರಣವಾಗಿದ್ದರೆ ಏರಿಕೆ ಮುಖ್ಯವಾಗಿ ಹಿರಿಯರಲ್ಲೇ ಕಾಣಬೇಕಿತ್ತು. ಅಮೆರಿಕದ ಅಂಕಿಅಂಶ ಹಾಗೆ ಹೇಳುವುದಿಲ್ಲ. 1998ರಿಂದ 2005ರೊಳಗೆ ಅಲ್ಲಿ ಈ ಉರಿಯೂತಕ್ಕಾಗಿ ಆಸ್ಪತ್ರೆ ಸೇರಿದವರ ಸಂಖ್ಯೆ ಶೇ. 26ರಷ್ಟು ಏರಿತು, 18ರಿಂದ 44 ವರ್ಷದವರಲ್ಲಿ ದಾಖಲಾತಿಯ ಪ್ರಮಾಣ ಶೇ. 82ರಷ್ಟು ಹೆಚ್ಚಿತು.

ಬೊಜ್ಜಿನತ್ತ ಬೊಟ್ಟು ಮಾಡುವ ಗಟ್ಟಿ ಸಾಕ್ಷ್ಯ ಅಮೆರಿಕದ್ದೇ ಇನ್ನೊಂದು ಅಧ್ಯಯನದಲ್ಲಿದೆ. ಆರೋಗ್ಯ ಕ್ಷೇತ್ರದಲ್ಲಿ ದುಡಿಯುವ 47,228 ಪುರುಷರನ್ನು 18 ವರ್ಷ ಗಮನಿಸಿ 2009ರಲ್ಲಿ ಅದನ್ನು ಪ್ರಕಟಿಸಲಾಯಿತು. ಬಿಎಂಐ 21ಕ್ಕಿಂತ ಕಡಿಮೆ ಇದ್ದವರಿಗೆ ಹೋಲಿಸಿದರೆ, 30 ಅಥವಾ ಅದಕ್ಕೂ ಹೆಚ್ಚಿದ್ದವರಲ್ಲಿ ಉರಿಯೂತದ ಅಪಾಯ ಶೇ. 78ರಷ್ಟು ಹೆಚ್ಚಿತ್ತು. ಸೊಂಟದ ಸುತ್ತಳತೆ ದೊಡ್ಡದಿದ್ದವರಲ್ಲೂ ಅಪಾಯ ಏರಿತ್ತು. ಹೊಟ್ಟೆಯೊಳಗಿನ ಕೊಬ್ಬು ಸುಮ್ಮನೆ ಕೂರುವ ದಾಸ್ತಾನಲ್ಲ. ಉರಿಯೂತಕ್ಕೆ ಇಂಬು ಕೊಡುವ ರಾಸಾಯನಿಕಗಳನ್ನು ಅದು ಸ್ರವಿಸುತ್ತದೆ. ರೋಗಿಯ ಸಿ.ಟಿ. ಚಿತ್ರದಲ್ಲಿ ಕೆರಳಿದ ಕರುಳಿನ ಸುತ್ತಲಿನ ಕೊಬ್ಬಿನ ಕಪ್ಪು ಭಾಗದಲ್ಲಿ ಬೂದುಬಣ್ಣದ ಗೆರೆಗಳು ಹರಡಿರುತ್ತವೆ. ವೈದ್ಯರು ರೋಗ ಗುರುತಿಸುವುದು ಬಹುಮಟ್ಟಿಗೆ ಆ ಗೆರೆಗಳಿಂದಲೇ.

ಎರಡು ಎಚ್ಚರಿಕೆಗಳು ಅಗತ್ಯ. ಸಿ.ಟಿ. ಪರೀಕ್ಷೆ ವ್ಯಾಪಕವಾದಂತೆ ಮೊದಲು ಕಣ್ತಪ್ಪುತ್ತಿದ್ದ ಪ್ರಕರಣಗಳೂ ಲೆಕ್ಕಕ್ಕೆ ಸೇರಿವೆ. ಆದ್ದರಿಂದ ಏರಿಕೆಯೆಲ್ಲ ಹೊಸ ರೋಗವಲ್ಲ. ನಾರಿನಂಶ ಕಡಿಮೆಯಿರುವ ಊಟ, ಧೂಮಪಾನ, ಚಟುವಟಿಕೆಯಿಲ್ಲದ ದಿನಚರಿ ಇವೂ ಅಪಾಯ ಹೆಚ್ಚಿಸುತ್ತವೆ. ಬೊಜ್ಜಿನ ಜೊತೆಗೇ ಇರುವುದರಿಂದ ಒಂದೊಂದರ ಪಾಲನ್ನು ಬೇರ್ಪಡಿಸುವುದು ಕಷ್ಟ.

ಇಷ್ಟಾದರೂ ಒಂದು ಮಾತು ನಿಲ್ಲುತ್ತದೆ. ಎಡ ಕಿಬ್ಬೊಟ್ಟೆಯಲ್ಲಿ ಬಿಡದೆ ನೋವು, ಜೊತೆಗೆ ಜ್ವರ ಬಂದರೆ, ‘ಇದು ವಯಸ್ಸಾದವರ ಕಾಯಿಲೆ’ ಎಂದು ನಲವತ್ತರೊಳಗಿನವರೂ ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು.