ಒಗಟು ಸೋತ್ರೆ ಊರು ಕೊಡಬೇಕು

ಇವತ್ತಿನ ಸಂಚಿಕೆ ಆಫೀಸುಗಳ ‘ಟೀಮ್ ಬಿಲ್ಡಿಂಗ್’ ಬಗ್ಗೆ, ಅದರಲ್ಲೂ ಪಜಲ್ ಕೊಟ್ಟು ಸಿಬ್ಬಂದಿಯನ್ನ ಒಂದು ಮಾಡೋ ಕಸರತ್ತಿನ ಬಗ್ಗೆ. ಇದು ಹೊರದೇಶದಿಂದ ಬಂದ ಮ್ಯಾನೇಜ್‌ಮೆಂಟ್ ಐಡಿಯಾ ಅಂತ ಬಹಳ ಜನ ಅಂದ್ಕೊಂಡಿದಾರೆ. ಹೆಸರೇನೋ ಹೊರಗಿಂದ ಬಂತು. ಆದರೆ ಕೆಲಸದ ಜಾಗದಲ್ಲಿ ಗುಂಪಾಗಿ ಒಗಟು ಬಿಡಿಸೋದನ್ನ ನಮ್ಮ ನೀಲಗುಂದ, ಹರಪನಹಳ್ಳಿ ಸೀಮೆಗೆ ಯಾರೂ ಬಂದು ಕಲಿಸಬೇಕಾಗಿರಲಿಲ್ಲ.

ಕಳೆ ತೆಗೆಯೋ ಹೆಣ್ಮಕ್ಕಳು ಸಾಲು ಹಿಡಿದ್ರೆ, ಶೇಂಗಾ ಬಿಡಿಸೋಕೆ ಅಂಗಳದಲ್ಲಿ ಗುಂಪು ಕೂತ್ರೆ ಕೈ ಒಂದು ಕಡೆ, ಬಾಯಿ ಒಂದು ಕಡೆ. ಒಬ್ಬರು ಒಗಟು ಹಾಕ್ತಾರೆ. ಉತ್ತರ ಹೊಳೀಲಿಲ್ಲ ಅಂದ್ರೆ ಸೋತವರು ಒಂದು ಊರು ಕೊಡಬೇಕು. “ಕೊಟ್ಟೂರು ಕೊಟ್ಟೆ, ತಗಾ” ಅಂದ್ರೆ ಮುಗೀತು. ಒಗಟು ಹಾಕಿದವರು ಊರು ತಗೊಂಡು ಉತ್ತರ ಹೇಳ್ತಾರೆ. (ಕೊಟ್ಟ ಊರೇ ಕೊಟ್ಟೂರು ಅಂತ ಅಲ್ಲಿಯವರೇ ಕಥೆ ಹೇಳ್ತಾರೆ, ಅದು ಬೇರೆ ಮಾತು.) ಉತ್ತರ ಎಲ್ಲಾ ಕಣ್ಣೆದುರಿನ ವಸ್ತುಗಳೇ: ಒನಕೆ, ಈರುಳ್ಳಿ, ಬೀಸುಕಲ್ಲು, ಕುಂಟೆ. ಹಾಗಾಗಿ ಓದಿದವರಿಗೇ ಗೆಲುವು ಅಂತ ಇಲ್ಲ. ಅಜ್ಜಿನೂ ಗೆಲ್ತಾಳೆ, ಎಂಟು ವರ್ಷದ ಮೊಮ್ಮಗನೂ ಗೆಲ್ತಾನೆ.

ಈ ಊರು ಕೊಡೋ ಆಟ ನನಗೆ ಯಾಕೆ ಇಷ್ಟ ಅಂದ್ರೆ, ಊರನ್ನ ನಿಜವಾಗಿ ಕೊಡ್ತಿದ್ದವರು ರಾಜರು. 1076ರಿಂದ 1126ರವರೆಗೆ ಆಳಿದ ಕಲ್ಯಾಣ ಚಾಲುಕ್ಯ ಆರನೇ ವಿಕ್ರಮಾದಿತ್ಯನ ತಾಮ್ರಪಟಗಳು ನೀಲಗುಂದದ ಹೆಸರಲ್ಲೇ ಪ್ರಕಟವಾಗಿವೆ, ಅವು ದಾನದ ಶಾಸನಗಳು. ನಮ್ಮೂರಿನ ಭೀಮೇಶ್ವರ ಗುಡಿನೂ ಅದೇ ಚಾಲುಕ್ಯ ಶೈಲಿಯದು. ಹೊಲದಲ್ಲಿ ಮಾತ್ರ ಕೂಲಿಯಾಳು ಒಂದು ಮಧ್ಯಾಹ್ನದಲ್ಲೇ ನಾಲ್ಕು ಊರು ದಾನ ಮಾಡ್ತಾಳೆ, ಸಂಜೆ ಕೂಲಿಯಲ್ಲಿ ಒಂದು ಪೈಸೆ ಕಡಿಮೆ ಆಗಲ್ಲ.

ವ್ಯಾಪಾರಸ್ಥರ ಲೆಕ್ಕದಲ್ಲೂ ಒಗಟು ಇತ್ತು. ಸುಮಾರು ಕ್ರಿ.ಶ. 850ರಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಭಾಷೆ ಸಂಸ್ಕೃತ. ಬಡ್ಡಿ, ಪಾಲುದಾರಿಕೆ, ಚಿನ್ನದ ಬೆರಕೆ, ನಾವು ಬಿಕಾಂನಲ್ಲಿ ಓದಿದ ಅರ್ಧ ಸಿಲಬಸ್ಸೇ ಅದರಲ್ಲಿದೆ. ಅಲ್ಲಿ ಒಂದು ಲೆಕ್ಕ ಹೀಗಿದೆ. ಮೂವರು ವ್ಯಾಪಾರಿಗಳಿಗೆ ದಾರಿಯಲ್ಲಿ ಹಣದ ಚೀಲ ಕಾಣುತ್ತೆ. ಚೀಲ ನನಗೆ ಸಿಕ್ಕರೆ ನಿಮ್ಮಿಬ್ಬರ ಹಣ ಕೂಡಿಸಿದ್ದರ ಎರಡರಷ್ಟು ನನ್ನ ಹತ್ರ ಇರುತ್ತೆ ಅಂತಾನೆ ಮೊದಲನೆಯವನು. ಮೂರರಷ್ಟು ಅಂತಾನೆ ಎರಡನೆಯವನು, ಐದರಷ್ಟು ಅಂತಾನೆ ಮೂರನೆಯವನು. ಚೀಲದಲ್ಲಿ ಎಷ್ಟು, ಯಾರ ಹತ್ರ ಎಷ್ಟು? ಅತಿ ಚಿಕ್ಕ ಪೂರ್ಣಾಂಕದ ಉತ್ತರ: ಚೀಲದಲ್ಲಿ 15, ಅವರ ಹತ್ರ 1, 3, 5. ಒಬ್ಬನ ಮಾತು ಮಾತ್ರ ಕೇಳಿದ್ರೆ ಈ ಲೆಕ್ಕ ಬಿಡಿಸೋಕಾಗಲ್ಲ, ಮೂವರ ಮಾತೂ ಬೇಕು. ಟೀಮ್ ಪಜಲ್ ಅಂದ್ರೆ ಇದಲ್ವಾ?

ಒಗಟಿಗೆ ಇನ್ನೊಂದು ಮುಖನೂ ಇದೆ, ಜರಡಿ ಹಿಡಿಯೋದು. 1942ರ ಜನವರಿಯಲ್ಲಿ ಲಂಡನ್ನಿನ ‘ಡೈಲಿ ಟೆಲಿಗ್ರಾಫ್’ ಪತ್ರಿಕೆ 12 ನಿಮಿಷದಲ್ಲಿ ಪದಬಂಧ ಬಿಡಿಸೋ ಸ್ಪರ್ಧೆ ಇಟ್ಟಿತು. ಭಾಗವಹಿಸಿದವರಲ್ಲಿ ಕೆಲವರಿಗೆ ಆಮೇಲೆ ಕಾಗದ ಬಂತು, ಬ್ಲೆಚ್‌ಲೀ ಪಾರ್ಕಿನ ಗೂಢಲಿಪಿ ಬಿಡಿಸೋ ಕೆಲಸಕ್ಕೆ. ನಮ್ಮಲ್ಲಿ ಬೆಂಗಳೂರಿನ ಶಕುಂತಲಾ ದೇವಿಯವರ ‘ಪಜಲ್ಸ್ ಟು ಪಜಲ್ ಯು’ ಪುಸ್ತಕ ಕ್ಯಾಂಪಸ್ ಸಂದರ್ಶನಕ್ಕೆ ಹೋಗೋ ಹುಡುಗರ ಬ್ಯಾಗಿನಲ್ಲಿ ಇರ್ತಿತ್ತು. ಜರಡಿ ಹಿಡಿಯೋದು ತಪ್ಪಲ್ಲ. ಜರಡಿ ಹಿಡೀತಾ ‘ಇದು ಆಟ’ ಅನ್ನೋದು ತಪ್ಪು.

ಈಗಿನ ಫ್ಯಾಷನ್ ಎಸ್ಕೇಪ್ ರೂಮ್, 2007ರಲ್ಲಿ ಜಪಾನಿನ ಕ್ಯೋಟೋದಲ್ಲಿ ಶುರುವಾದದ್ದು. ಬೀಗ ಹಾಕಿದ ಕೋಣೆ, ಸುಳಿವು ಹುಡುಕಿ ಒಂದು ಗಂಟೆಯಲ್ಲಿ ಹೊರಗೆ ಬರಬೇಕು. ನಾನು ಮೊದಲು ಕೆಲಸ ಮಾಡಿದ ಒಂದು ಕಂಪನಿ ನಮ್ಮ ಅಕೌಂಟ್ಸ್ ವಿಭಾಗವನ್ನ ಅಲ್ಲಿಗೆ ಕರ್ಕೊಂಡು ಹೋಗಿತ್ತು. ಸುಳಿವುಗಳೆಲ್ಲ ಇಂಗ್ಲಿಷ್ ಸಿನಿಮಾದವು. ನಮ್ಮ ಹಿರಿಯ ಕ್ಯಾಷಿಯರ್ ಒಬ್ಬರು ಇಡೀ ಗಂಟೆ ಗೋಡೆಗೆ ಒರಗಿ ನಿಂತಿದ್ರು. ಸೋಮವಾರ ಯಾವ ಟೀಮ್ ಎಷ್ಟು ನಿಮಿಷ ಅಂತ ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಬಂತು. ಆ ವರ್ಷದ ಅಪ್ರೈಸಲ್‌ನಲ್ಲಿ ಅವರ ಹೆಸರಿನ ಮುಂದೆ ‘ತಂಡದಲ್ಲಿ ಬೆರೆಯುವುದಿಲ್ಲ’ ಅಂತ ಬರೆದಿದ್ರು. ಇಲ್ಲಿ ಸೋತವರು ಕೊಟ್ಟಿದ್ದು ಆಟದ ಊರಲ್ಲ, ಸಂಬಳದ ಪಾಲು.

ಅದೇ ಮನುಷ್ಯ ಮಾರ್ಚ್ ತಿಂಗಳ ಒಂದು ರಾತ್ರಿ ಏನು ಮಾಡಿದ್ರು ಅಂತಾನೂ ಹೇಳಬೇಕು. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗ್ತಿರಲಿಲ್ಲ, 900 ರೂಪಾಯಿ ವ್ಯತ್ಯಾಸ. ಎಲ್ಲರೂ ವೋಚರ್ ಹರಡ್ಕೊಂಡು ಕೂತಿದ್ವಿ. ಅವರು, “ಒಂಬತ್ತರಿಂದ ಪೂರಾ ಭಾಗ ಹೋಗುತ್ತಲ್ರಪ್ಪ, ಅಂಕಿ ಅದಲುಬದಲು ಆಗೈತಿ ನೋಡ್ರಿ” ಅಂದ್ರು. ಆಮೇಲೆ ಕುರ್ಚಿ ಎಳ್ಕೊಂಡು ಎಲ್ಲರಿಗೂ ಒಂದೊಂದು ಲೆಡ್ಜರ್ ಹಂಚಿದ್ರು. ಇಪ್ಪತ್ತು ನಿಮಿಷಕ್ಕೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಕೂಗಿದ್ಲು: 5,400 ಇರಬೇಕಾದ ಕಡೆ 4,500 ಬಿದ್ದಿತ್ತು.