ಕಾಲಿನ ರಕ್ತಸಂಚಾರದ ಕೊರತೆ: ಅರಿವು ಮತ್ತು ಚಿಕಿತ್ಸೆಯ ಇತಿಹಾಸ

ಕಾಲಿಗೆ ರಕ್ತ ಒಯ್ಯುವ ಅಪಧಮನಿಗಳ ಒಳಗೋಡೆಯಲ್ಲಿ ಕೊಬ್ಬು, ಸುಣ್ಣದಂಶ ಕಟ್ಟಿಕೊಂಡು ದಾರಿ ಕಿರಿದಾಗುವ ರೋಗ. ನಡೆಯುವಾಗ ಮೀನಖಂಡ ಹಿಡಿದುಕೊಳ್ಳುತ್ತದೆ. ನಿಂತರೆ ಕೆಲವೇ ನಿಮಿಷಗಳಲ್ಲಿ ನೋವು ಇಳಿಯುತ್ತದೆ. ರೋಗ ಬಲಿತರೆ ಮಲಗಿದ್ದಾಗಲೂ ಪಾದ ನೋಯುತ್ತದೆ, ಗಾಯ ಮಾಯುವುದಿಲ್ಲ, ಬೆರಳು ಕಪ್ಪಾಗುತ್ತದೆ. ಕಾಲಿನಿಂದ ರಕ್ತ ಹಿಂದಿರುಗುವ ಹಾದಿ ಕೆಟ್ಟು ಅಭಿಧಮನಿ ಉಬ್ಬುವ ವೆರಿಕೋಸ್ ವೇನ್ ಬೇರೆಯದೇ ತೊಂದರೆ.

ನಡೆಯುವಾಗ ಬರುವ ಈ ನೋವನ್ನು ಮೊದಲು ಸ್ಪಷ್ಟವಾಗಿ ಗುರುತಿಸಿದ್ದು ಪಶುವೈದ್ಯರು. ಓಡುತ್ತ ಓಡುತ್ತ ಕುಂಟಿ, ನಿಂತ ಮೇಲೆ ಸರಿಹೋಗುತ್ತಿದ್ದ ಕುದುರೆಯೊಂದರ ಕಾಲಿನ ಅಪಧಮನಿ ಕಟ್ಟಿಕೊಂಡಿತ್ತೆಂದು ಫ್ರಾನ್ಸಿನ ಬೂಲೆ 1831ರಲ್ಲಿ ಬರೆದರು. ಅದೇ ಲಕ್ಷಣವನ್ನು ಮನುಷ್ಯನಲ್ಲಿ ವೈದ್ಯ ಶಾರ್ಕೋ 1858ರಲ್ಲಿ ವಿವರಿಸಿದರು. ತಂಬಾಕಿನ ಕಡೆಗೆ ಬೆರಳು ತೋರಿದವರು ಜರ್ಮನಿಯ ವಿಲ್ಹೆಲ್ಮ್ ಎರ್ಬ್, 20ನೆಯ ಶತಮಾನದ ಆರಂಭದಲ್ಲಿ. ನ್ಯೂಯಾರ್ಕಿನ ಲಿಯೋ ಬರ್ಗರ್ 1908ರಲ್ಲಿ ಕತ್ತರಿಸಿ ತೆಗೆದ ಕಾಲುಗಳನ್ನೇ ಪರೀಕ್ಷಿಸಿ, ಧೂಮಪಾನಿ ಯುವಕರನ್ನು ಕಾಡುವ ಇನ್ನೊಂದು ರಕ್ತನಾಳ ರೋಗವನ್ನು ಬೇರ್ಪಡಿಸಿದರು. ಬರ್ಗರ್ ರೋಗ ಭಾರತದಲ್ಲಿ ಬೀಡಿ ಸೇದುವವರ ಕಾಯಿಲೆಯೆಂದೇ ಹೆಸರಾಗಿದೆ. ತಂಬಾಕು ಪೂರ್ತಿ ಬಿಡದೆ ಅದಕ್ಕೆ ಮದ್ದಿಲ್ಲ.

ಬಹುಕಾಲ ವೈದ್ಯರ ಕೈಯಲ್ಲಿದ್ದದ್ದು ಗರಗಸ ಮಾತ್ರ. ಲಿಸ್ಬನ್ನಿನ ರೆಯ್ನಾಲ್ಡೊ ದೋಸ್ ಸಾಂಟೋಸ್ 1929ರಲ್ಲಿ ಮಹಾಪಧಮನಿಗೆ ಬಣ್ಣದ್ರವ ಹೊಗಿಸಿ ಎಕ್ಸ್‌ರೇ ತೆಗೆದಾಗ ಅಡಚಣೆ ಎಲ್ಲಿದೆಯೆಂಬುದು ಬದುಕಿರುವ ರೋಗಿಯಲ್ಲೇ ಕಂಡಿತು. ಅವರ ಮಗ ಜುವಾವ್ ಸಿಡ್ 1946ರಲ್ಲಿ ನಾಳ ಸೀಳಿ ಒಳಗಿನ ಪದರವನ್ನು ಕೆರೆದು ತೆಗೆದರು. 1948ರಲ್ಲಿ ಪ್ಯಾರಿಸ್ಸಿನ ಜ್ಯಾಂ ಕುನ್ಲಿನ್ ರೋಗಿಯದೇ ಅಭಿಧಮನಿಯನ್ನು ಜೋಡಿಸಿ, ತಡೆಯನ್ನು ಬಳಸಿ ಹೋಗುವ ಬೈಪಾಸ್ ಮಾಡಿದರು.

1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ನಡೆದದ್ದು ಇನ್ನೂ ದೊಡ್ಡ ತಿರುವು. ಬೆರಳುಗಳಿಗೆ ಗ್ಯಾಂಗ್ರೀನ್ ತಗುಲಿದ್ದ 82 ವರ್ಷದ ಅಜ್ಜಿ ಕಾಲು ಕತ್ತರಿಸಲು ಒಪ್ಪಲಿಲ್ಲ. ರೇಡಿಯಾಲಜಿಸ್ಟ್ ಚಾರ್ಲ್ಸ್ ಡಾಟರ್ ತೊಡೆಯ ನಾಳಕ್ಕೆ ಒಂದಕ್ಕಿಂತ ಒಂದು ದಪ್ಪನೆಯ ನಳಿಕೆಗಳನ್ನು ತೂರಿಸಿ ದಾರಿ ಬಿಡಿಸಿದರು, ಕಾಲು ಉಳಿಯಿತು. ಸ್ವದೇಶದ ಶಸ್ತ್ರವೈದ್ಯರು ಇದನ್ನು ಹಗುರವಾಗಿ ಕಂಡರೆ, ಯುರೋಪಿನವರು ಎತ್ತಿಕೊಂಡರು. ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ 1974ರಲ್ಲಿ ನಳಿಕೆಯ ತುದಿಗೆ ಬಲೂನು ಸೇರಿಸಿದರು. ಹೃದಯಕ್ಕೆ ಅದು ಬಂದದ್ದು 1977ರಲ್ಲಿ. ಇಂದು ಆ್ಯಂಜಿಯೋಪ್ಲಾಸ್ಟಿ ಎಂದೊಡನೆ ಎಲ್ಲರೂ ಎದೆ ಮುಟ್ಟಿಕೊಳ್ಳುತ್ತಾರೆ, ಆದರೆ ಅದು ಹುಟ್ಟಿದ್ದು ಕಾಲಿಗಾಗಿ.

ಇಷ್ಟೆಲ್ಲ ಸಾಹಸದ ನಡುವೆ ಅಗ್ಗದ ಚಿಕಿತ್ಸೆಯೊಂದಕ್ಕೆ ಪುರಾವೆ ಸಿಕ್ಕಿದ್ದು ತಡವಾಗಿ. ಡೆನ್ಮಾರ್ಕಿನ ಲಾರ್ಸೆನ್ ಮತ್ತು ಲಾಸೆನ್ ದಿನನಿತ್ಯದ ವ್ಯಾಯಾಮದಿಂದ ನೋವಿಲ್ಲದೆ ನಡೆಯುವ ದೂರ ಹೆಚ್ಚುವುದನ್ನು 1966ರಲ್ಲಿ ತೋರಿಸಿದರು. ನೋವು ಸಾಕಷ್ಟು ಏರುವವರೆಗೆ ನಡೆದು, ನಿಂತು, ಮತ್ತೆ ನಡೆಯುವುದು ಕ್ರಮ: ಒಮ್ಮೆಗೆ 30ರಿಂದ 45 ನಿಮಿಷ, ವಾರಕ್ಕೆ ಕನಿಷ್ಠ 3 ಬಾರಿ, 12 ವಾರ. ಇದರಿಂದ ಅಡಚಣೆ ಕರಗುವುದಿಲ್ಲ. ಸ್ನಾಯು ಸಿಕ್ಕ ರಕ್ತವನ್ನೇ ಚೆನ್ನಾಗಿ ಬಳಸಲು ಕಲಿಯುತ್ತದೆ. ಜೊತೆಗೆ ತಂಬಾಕು ಬಿಡುವುದು, ಸ್ಟ್ಯಾಟಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ, ಬಿಪಿ ಮತ್ತು ಸಕ್ಕರೆಯ ಹತೋಟಿ ಬೇಕು, ಏಕೆಂದರೆ ಇಂಥ ರೋಗಿಗಳಿಗೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯವೂ ಹೆಚ್ಚು.

ರೋಗಪತ್ತೆಗೆ ಕಣಕಾಲಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸುತ್ತಾರೆ; 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ರೋಗವಿದೆ. ಸಕ್ಕರೆ ಕಾಯಿಲೆಯವರಲ್ಲಿ ನಾಳ ಗಡುಸಾಗಿ ಈ ಲೆಕ್ಕ ಸುಳ್ಳು ಹೇಳಬಹುದು, ಆಗ ಕಾಲಿನ ಹೆಬ್ಬೆರಳಿನ ಒತ್ತಡ ಅಳೆಯುತ್ತಾರೆ. ನರ ಜೋಮು ಹಿಡಿದ ಅವರ ಪಾದಕ್ಕೆ ನೋವೇ ತಿಳಿಯದು. ಹಾಗಾಗಿ ದಿನವೂ ಪಾದ ನೋಡಿಕೊಳ್ಳಬೇಕು. ಬರಿಗಾಲ ಓಡಾಟ, ಬಿಸಿನೀರಿನ ಚೀಲದ ಕಾವು ಬೇಡ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿಕೊಂಡು, ಮರಗಟ್ಟಿದರೆ ಅದು ತುರ್ತು ಸ್ಥಿತಿ. ಗಂಟೆಗಳೊಳಗೆ ರಕ್ತ ಹರಿಸದಿದ್ದರೆ ಕಾಲು ಉಳಿಯದು.